ಅತ್ತೆಗೆ 67, ಮಗನಿಗೆ 14: ಸ್ವಯಂಸೇವೆ ಎಲ್ಲಿ ಮಾಡಬಹುದು?

ಪ್ರಶ್ನೆ (ಮೈಸೂರು): ನಮ್ಮ ಅತ್ತೆ ನಿವೃತ್ತ ಕನ್ನಡ ಟೀಚರ್. ಮಂಡಿನೋವು, ಮೆಟ್ಟಿಲು ಹತ್ತೋಕೆ ಆಗಲ್ಲ. ಮಗ ಒಂಬತ್ತನೇ ಕ್ಲಾಸು. ನನಗೆ ಭಾನುವಾರ ಬಿಟ್ಟರೆ ಬಿಡುವಿಲ್ಲ. ಏನಾದರೂ ಸೇವೆ ಮಾಡೋಣ ಅಂತ ಮೂವರಿಗೂ ಆಸೆ. ಹೋದ ತಿಂಗಳು ಒಂದು ಕಡೆ ಹೋಗಿದ್ದೆವು. ಮೂರು ಗಂಟೆ ಕಾಯಿಸಿ, ಟೀ ಶರ್ಟ್ ಹಾಕಿಸಿ, ಗಿಡದ ಪಕ್ಕ ನಿಲ್ಲಿಸಿ ಫೋಟೋ ತೆಗೆದು ಕಳಿಸಿದರು. ಅನುಭವ ಇರುವವರು ಹೇಳಿ.

ಬೆಂಗಳೂರಿನ ಉಪನ್ಯಾಸಕಿ: ನಿಮ್ಮ ಮಗನಿಗೆ ತಕ್ಕ ಕೆಲಸ ಇದೆ. ಕಣ್ಣು ಕಾಣದ ಮಕ್ಕಳು ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಉತ್ತರವನ್ನು ಬಾಯಲ್ಲಿ ಹೇಳುತ್ತಾರೆ. ಪಕ್ಕದಲ್ಲಿ ಕೂತು ಬರೆಯೋಕೆ ಸ್ಕ್ರೈಬ್ ಬೇಕು. ಅವರು ಕೆಳಗಿನ ತರಗತಿಯವರೇ ಆಗಿರಬೇಕು. ಅಂದರೆ ನಿಮ್ಮ ಅತ್ತೆಯ ಅಕ್ಷರ ಎಷ್ಟೇ ದುಂಡಗಿದ್ದರೂ ನಡೆಯಲ್ಲ, ಮಗ ಆಗುತ್ತಾನೆ!

ನನ್ನ ಮಗಳು ಒಂದು ವರ್ಷ ಬರೆದಳು. ಸಮಾಜ ವಿಜ್ಞಾನದ ದಿನ ಮನೆಗೆ ಬಂದವಳೇ ಅತ್ತುಬಿಟ್ಟಳು. "ಅಣ್ಣ ಒಂದು ಇಸವಿ ತಪ್ಪು ಹೇಳಿದ, ನನಗೆ ಗೊತ್ತಿತ್ತು, ಆದರೂ ಹಾಗೇ ಬರೆದೆ" ಅಂತ. ಬರೆಯಬೇಕಾದ್ದೇ ಹಾಗೆ. ಹೇಳಿದ್ದನ್ನು ಬರೆಯಬೇಕು, ತಿದ್ದಬಾರದು. ಇದನ್ನು ಮಗನಿಗೆ ಮೊದಲೇ ಕೂರಿಸಿಕೊಂಡು ಹೇಳಿ. ನಾನು ಹೇಳಿರಲಿಲ್ಲ.

ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ ಇರುತ್ತದೆ. ಮೂರು ಗಂಟೆಯ ಪೇಪರ್ ನಾಲ್ಕು ಗಂಟೆಯಾಗುತ್ತದೆ, ಕೈ ಸೋಲುತ್ತದೆ. ಪರೀಕ್ಷೆ ಬರೆಸುವ ಹುಡುಗನ ಜೊತೆ ನಿಮ್ಮ ಮಗ ಎರಡು ಮೂರು ಸಲ ಕೂತು ಅಭ್ಯಾಸ ಮಾಡಲಿ. ಗಣಿತದಲ್ಲಿ "ಬ್ರಾಕೆಟ್ ಎಲ್ಲಿ ಮುಗೀತು" ಅನ್ನೋದೇ ದೊಡ್ಡ ಜಗಳ. ಒಪ್ಪಿಗೆ ಪತ್ರ ಶಾಲೆಯ ಮೂಲಕವೇ ಹೋಗಬೇಕು, ಹಾಗಾಗಿ ಹೆಡ್ ಮಾಸ್ಟರ್ ಹತ್ತಿರ ಬೇಗ ಮಾತಾಡಿ. ನಿಮ್ಮೂರಲ್ಲೇ ತಿಲಕ್ ನಗರದಲ್ಲಿ ಸರ್ಕಾರಿ ಅಂಧ ಮಕ್ಕಳ ಶಾಲೆ ಇದೆಯಲ್ವಾ, ಅಲ್ಲೂ ವಿಚಾರಿಸಿ.

ಉಡುಪಿಯಿಂದ ಒಬ್ಬರು: ಅತ್ತೆಯವರಿಗೆ ಕನ್ನಡ ವಿಕಿಸೋರ್ಸ್ ತೋರಿಸಿ, ಹಳೆಯ ಪುಸ್ತಕಗಳನ್ನು ಎಲ್ಲರೂ ಓದುವ ಹಾಗೆ ಹಾಕುವ ವೆಬ್‌ಸೈಟ್ ಅದು. ಹಳೆಯ ಪುಸ್ತಕದ ಪುಟ ಒಂದು ಕಡೆ, ಯಂತ್ರ ಓದಿ ಟೈಪ್ ಮಾಡಿದ್ದು ಇನ್ನೊಂದು ಕಡೆ ಇರುತ್ತದೆ. ಯಂತ್ರಕ್ಕೆ ನಮ್ಮ ಒತ್ತಕ್ಷರ, ಅರ್ಕಾವತ್ತು ಸರಿಯಾಗಿ ಬರಲ್ಲ. ಅನುಸ್ವಾರದ ಜಾಗದಲ್ಲಿ ಸೊನ್ನೆ ಹಾಕಿಬಿಡುತ್ತದೆ. ತಿದ್ದಿದರೆ ಕೆಂಪು ಗುರುತಿನ ಪುಟ ಹಳದಿಯಾಗುತ್ತದೆ. ಇನ್ನೊಬ್ಬರು ನೋಡಿ ಒಪ್ಪಿದರೆ ಹಸಿರು. ನನಗೆ 71, ದಿನಕ್ಕೆ ಎರಡು ಪುಟ ಮಾಡುತ್ತೇನೆ. ಕನ್ನಡ ಟೈಪಿಂಗ್ ಕಲಿಯೋಕೆ ಹತ್ತು ದಿನ ಹಿಡಿಯಿತು. ಮೊಮ್ಮಗಳು ಬೈದು ಬೈದು ಕಲಿಸಿದಳು.

ಹಾಸನದಿಂದ: ನಾನು ಸೇವೆ ಪಡೆದ ಕಡೆಯವನು. ಅಪ್ಪ ಒಬ್ಬರೇ ಇದ್ದಾಗ ಒಬ್ಬ ಹುಡುಗ ಬುಧವಾರ ಸಂಜೆ ಬಂದು ಪೇಪರ್ ಓದಿ ಹೇಳುತ್ತಿದ್ದ. ಒಳ್ಳೆಯ ಹುಡುಗ. ಆರು ವಾರ ಬಂದ, ಆಮೇಲೆ ಸುಮ್ನೆ ನಿಂತುಬಿಟ್ಟ. ಅಪ್ಪ ಬುಧವಾರ ನಾಲ್ಕಕ್ಕೇ ಡಿಕಾಕ್ಷನ್ ಹಾಕಿಸಿ, ಶರ್ಟ್ ಬದಲಾಯಿಸಿಕೊಂಡು ಕೂರೋರು. "ಪರೀಕ್ಷೆ ಇದೆ, ಒಂದು ತಿಂಗಳು ಬರಲ್ಲ" ಅಂತ ಒಂದು ಫೋನ್ ಮಾಡಿದ್ದರೆ ಸಾಕಿತ್ತು. ವಾರಕ್ಕೊಂದು ಸಲ ಅಂತ ಒಪ್ಪಿಕೊಳ್ಳಬೇಡಿ, ತಿಂಗಳಿಗೊಂದು ಸಲ ಅನ್ನಿ, ತಪ್ಪಿಸಬೇಡಿ. ಅಂದ ಹಾಗೆ ಒಂಟಿ ಹಿರಿಯರಿಗೆ ಏನಾದರೂ ತೊಂದರೆ ಅಂದರೆ 14567 ಸಹಾಯವಾಣಿ ಇದೆ, ಬೆಳಗ್ಗೆ 8ರಿಂದ ರಾತ್ರಿ 8ರವರೆಗೆ.

ದಾವಣಗೆರೆಯಿಂದ: ಅಕ್ಕ, ನಿಮಗೆ ಸುಲಭದ್ದು ರಕ್ತದಾನ. 18ರಿಂದ 65 ವರ್ಷದವರು ಕೊಡಬಹುದು. ತೂಕ 45 ಕೆಜಿ, ಹಿಮೋಗ್ಲೋಬಿನ್ 12.5 ಇರಬೇಕು. ಹೆಂಗಸರು ನಾಲ್ಕು ತಿಂಗಳಿಗೊಮ್ಮೆ. ನನ್ನನ್ನು ಎರಡು ಸಲ ಹಿಮೋಗ್ಲೋಬಿನ್ ಕಡಿಮೆ ಅಂತ ವಾಪಸ್ ಕಳಿಸಿದರು, ಬೇಜಾರು ಮಾಡ್ಕೋಬೇಡಿ. ಮಗ ಡಿಗ್ರಿಗೆ ಬಂದ ಮೇಲೆ ಎನ್ನೆಸ್ಸೆಸ್ ಇದ್ದೇ ಇದೆ, ವರ್ಷಕ್ಕೆ 120 ಗಂಟೆ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಸೋಮವಾರ ಶಾಲೆಗೆ ಹೋಗುತ್ತೇನೆ. ಅತ್ತೆಗೆ ಈಗಷ್ಟೇ ಒಂದು ಪುಟ ತೆರೆದು ತೋರಿಸಿದೆ. ಮೊದಲ ಸಾಲಲ್ಲೇ ಮೂರು ತಪ್ಪು ಹಿಡಿದು, "ಯಾವ ಮಗು ಬರೆದಿದ್ದು ಇದನ್ನ?" ಅಂತ ಓದುವ ಕನ್ನಡಕ ತರೋಕೆ ಹೇಳಿದ್ದಾರೆ.