ಸಿಗ್ನಲ್‌ನಲ್ಲಿ ನಿಂತರೆ ಇಂಜಿನ್‌ಗೆ ಬಿಸಿ ಗಾಳಿ, ಏನು ಮಾಡೋದು?

ಪ್ರಶ್ನೆ: ನನ್ನದು ಟರ್ಬೊ ಪೆಟ್ರೋಲ್ ಕಾರು. ಓಬಿಡಿ ರೀಡರ್ (ಕಾರಿನ ಸೆನ್ಸರ್ ಅಂಕಿ ತೋರಿಸುವ ಸಾಧನ) ಹಾಕಿ ನೋಡಿದೆ. ಓಡುವಾಗ ಒಳಹೋಗುವ ಗಾಳಿ 40 ಡಿಗ್ರಿ, ಸಿಗ್ನಲ್‌ನಲ್ಲಿ ನಿಂತರೆ 65. ಆಮೇಲೆ ಎಷ್ಟು ಒತ್ತಿದರೂ ಕಾರು ಎಳೆಯೋದೇ ಇಲ್ಲ. ಓಪನ್ ಕೋನ್ ಫಿಲ್ಟರ್ (ಡಬ್ಬಿಯಿಲ್ಲದ ಏರ್ ಫಿಲ್ಟರ್) ಇದೆ. ದೊಡ್ಡ ಇಂಟರ್‌ಕೂಲರ್ (ಟರ್ಬೊದಿಂದ ಬರುವ ಗಾಳಿಯನ್ನು ತಣಿಸುವ ಭಾಗ) ಹಾಕಿಸಲಾ?

ಉತ್ತರ 1: ಮೊದಲು ಆ ಫಿಲ್ಟರ್ ನೋಡಿ. ಬಾನೆಟ್ ಒಳಗೆ ಬಾಯಿ ತೆರೆದು ಕೂತಿದ್ದರೆ ಅದು ಎಳೆಯೋದು ರೇಡಿಯೇಟರ್ ದಾಟಿ ಬಂದ ಬಿಸಿ ಗಾಳಿಯನ್ನೇ. ಸದ್ದು ಚೆನ್ನಾಗಿರುತ್ತದೆ, ಅಷ್ಟೇ. ಕಂಪನಿ ಕೊಟ್ಟ ಏರ್‌ಬಾಕ್ಸ್ (ಫಿಲ್ಟರ್ ಕೂರುವ ಮುಚ್ಚಿದ ಡಬ್ಬಿ) ವಾಪಸ್ ಹಾಕಿ. ಒತ್ತಡ ಒಂದೇ ಇದ್ದರೂ 20 ಡಿಗ್ರಿಯ ಗಾಳಿಗಿಂತ 60 ಡಿಗ್ರಿಯದು ಸುಮಾರು 12% ತೆಳು. ಸಾಲದ್ದಕ್ಕೆ, ನಾಕಿಂಗ್ (ಇಂಧನ ತಾನಾಗೇ ಸಿಡಿಯೋದು) ಆಗದಿರಲಿ ಅಂತ ಇಸಿಯು, ಅಂದರೆ ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಸ್ಪಾರ್ಕನ್ನು ತಡ ಮಾಡುತ್ತದೆ. ಎಳೆತ ಸಾಯೋದು ಅದಕ್ಕೇ.

ಉತ್ತರ 2: ಸುಮ್ನೆ ದುಡ್ಡು ಸುರಿಯುವ ಮುಂಚೆ ಈಗಿರುವ ಇಂಟರ್‌ಕೂಲರ್‌ಗೆ ಟಾರ್ಚ್ ಬಿಟ್ಟು ನೋಡಿ. ನನ್ನದರಲ್ಲಿ ಫಿನ್‌ಗಳ (ತೆಳು ಲೋಹದ ಪಟ್ಟಿಗಳು) ನಡುವೆ ಹುಳ, ಮಣ್ಣು ಗಟ್ಟಿಯಾಗಿ ಕೂತಿತ್ತು. ಮೆಲ್ಲಗೆ ನೀರು ಬಿಟ್ಟು ತೊಳೆದೆ. ಪ್ರೆಶರ್ ವಾಷ್ ಬೇಡ, ಫಿನ್ ಮಡಚಿಕೊಳ್ಳುತ್ತವೆ.

ಪ್ರಶ್ನೆ ಕೇಳಿದವರು: ಗಾಳಿ ಒಳಹೋಗುವ ಪೈಪಿಗೆ ಹೀಟ್ ಟೇಪ್ (ಬಿಸಿ ತಡೆಯುವ ಟೇಪ್) ಸುತ್ತಿದರೆ?

ಉತ್ತರ 1: ಓಡುವಾಗ ಗಾಳಿ ಆ ಪೈಪಲ್ಲಿ ಇರೋದೇ ಕ್ಷಣ ಹೊತ್ತು. ಜಾಸ್ತಿ ಫರಕ್ ಕಾಣೋದಿಲ್ಲ. ಏರ್‌ಬಾಕ್ಸ್ ಹಾಕಿ, ಮತ್ತೆ ಅಳೆದು ಹೇಳಿ.