ನಾಥುಲಾಗೆ ಒಂದೇ ದಿನದಲ್ಲಿ ಹೋಗಿ ಬರುವುದು: ಅನುಭವ ಇದ್ದವರು ಹೇಳಿ

ಕೇಳಿದವರು: ಮೇ ತಿಂಗಳಲ್ಲಿ ಸಿಕ್ಕಿಂಗೆ ಹೊರಟಿದ್ದೇವೆ. ಅಪ್ಪನಿಗೆ 66, ಅಮ್ಮನಿಗೆ 61, ಮಗಳಿಗೆ 7. ಅಲ್ಲಿ ಚೀನಾ ಗಡಿಯಲ್ಲಿರುವ ನಾಥುಲಾ ಕಣಿವೆ ನೋಡಲೇಬೇಕು ಅಂತ ಅಪ್ಪನ ಆಸೆ. ಅಷ್ಟು ಎತ್ತರಕ್ಕೆ ಕರೆದುಕೊಂಡು ಹೋಗಬಹುದಾ? ಏನು ಜಾಗ್ರತೆ ಬೇಕು?

ದಾವಣಗೆರೆಯಿಂದ: ನಾವು ಅಮ್ಮನ ಜೊತೆ ಹೋಗಿದ್ದೆವು. ಆಗ ಅವರಿಗೆ 64. ಮೊದಲು ಎತ್ತರದ ಲೆಕ್ಕ ನೋಡಿ. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್. ಗ್ಯಾಂಗ್ಟಾಕ್ ಸುಮಾರು 1,650. ನಾಥುಲಾ 4,310. ದಾರಿ ಸುಮಾರು 55 ಕಿ.ಮೀ. ಅಷ್ಟೇ, ಹಾಗಾಗಿ ಹತ್ತಿರವೇ ಅಲ್ವಾ ಅನ್ನಿಸುತ್ತದೆ. ಆದರೆ ಬೆಳಿಗ್ಗೆ ತಿಂಡಿ ತಿಂದು ಹೊರಟವರು ಮಧ್ಯಾಹ್ನದೊಳಗೆ ಎರಡೂವರೆ ಸಾವಿರ ಮೀಟರ್‌ಗಿಂತ ಜಾಸ್ತಿ ಏರಿರುತ್ತಾರೆ. ಮೈ ಹೊಂದಿಕೊಳ್ಳಲು ಪುರುಸೊತ್ತೇ ಇರುವುದಿಲ್ಲ.

ಅಮ್ಮನ ಕೈಚೀಲದಲ್ಲಿ ಒಂದು ಚಿಪ್ಸ್ ಪ್ಯಾಕೆಟ್ ಇತ್ತು. ಛಾಂಗು ಸರೋವರ ತಲುಪುವ ಹೊತ್ತಿಗೆ ಅದು ದಿಂಬಿನ ಹಾಗೆ ಉಬ್ಬಿ ಬಿಗಿದುಕೊಂಡಿತ್ತು. ಹೊರಗಿನ ಗಾಳಿಯ ಒತ್ತಡ ಇಳಿದಾಗ ಹಾಗಾಗುತ್ತದೆ. ನಾಥುಲಾದಲ್ಲಿ ಒತ್ತಡ ಸಮುದ್ರಮಟ್ಟದ ಶೇಕಡ 60ರಷ್ಟು ಮಾತ್ರ. ಒಂದೊಂದು ಉಸಿರಿಗೆ ಸಿಗುವ ಆಮ್ಲಜನಕವೂ ಅಷ್ಟೇ ಕಡಿಮೆ.

ಗಾಡಿ ನಿಲ್ಲುವ ಜಾಗದಿಂದ ಗಡಿ ಬೇಲಿಯವರೆಗೆ ಮೆಟ್ಟಿಲು ಹತ್ತಬೇಕು. ಚಳಿ ಅಂತ ಅಮ್ಮ ಬೇಗ ಬೇಗ ಹತ್ತಿದರು. ಇಪ್ಪತ್ತು ಮೆಟ್ಟಿಲೂ ಆಗಿರಲಿಲ್ಲ, ಕಂಬಿ ಹಿಡಿದು ಕೂತುಬಿಟ್ಟರು. ತುಟಿ ಬಿಳುಚಿಕೊಂಡಿತ್ತು. ‘ತಲೆ ಸಿಡೀತಿದೆ ಕಣೋ’ ಅಂದರು. ಬೇಲಿ ನೋಡದೆ ಹಾಗೇ ಇಳಿಸಿಕೊಂಡು ಬಂದೆವು. ಛಾಂಗು ದಾಟಿ ಇನ್ನೂ ಕೆಳಗೆ ಬಂದ ಮೇಲೆ ತಾವಾಗಿಯೇ ಟೀ ಕೇಳಿದರು. ಆಗ ನನಗೆ ಜೀವ ಬಂತು.

ತಪ್ಪಾಗಿದ್ದು ಎಲ್ಲಿ ಅಂದರೆ, ಸಂಜೆ ಗ್ಯಾಂಗ್ಟಾಕ್ ತಲುಪಿ ಮರುದಿನ ಬೆಳಿಗ್ಗೆಯೇ ಹೊರಟಿದ್ದು. ಪ್ಯಾಕೇಜ್ ಕೊಟ್ಟವರು ಹಾಗೇ ಜೋಡಿಸಿದ್ದರು, ನಾವೂ ಪ್ರಶ್ನೆ ಕೇಳಲಿಲ್ಲ. ನೀವು ಎರಡು ದಿನ ಗ್ಯಾಂಗ್ಟಾಕ್‌ನಲ್ಲೇ ಓಡಾಡಿ, ರುಮ್ಟೆಕ್ ಮಠ ನೋಡಿ, ಆಮೇಲೆ ಮೇಲೆ ಹೋಗಿ.

ಬೆಳಗಾವಿಯಿಂದ: ಸೋಮವಾರ, ಮಂಗಳವಾರ ನಾಥುಲಾಗೆ ಪ್ರವಾಸಿಗರನ್ನು ಬಿಡುವುದಿಲ್ಲ. ಪರ್ಮಿಟ್ ಮಾಡಿಸುವುದು ನೋಂದಾಯಿತ ಏಜೆನ್ಸಿ ಮೂಲಕವೇ, ಅದೂ ಹಿಂದಿನ ದಿನವೇ ಕಾಗದಪತ್ರ ಕೊಡಬೇಕು. ವೋಟರ್ ಕಾರ್ಡ್ ಅಥವಾ ಪಾಸ್‌ಪೋರ್ಟ್, ಮಗಳ ಜನನ ಪ್ರಮಾಣಪತ್ರ, ಎಲ್ಲರ ಫೋಟೋ ಇಟ್ಟುಕೊಳ್ಳಿ. ಶೇರ್ ಜೀಪ್ ಮಾತ್ರ ಬೇಡ. ನಿಮ್ಮವರಿಗೆ ಹುಷಾರಿಲ್ಲ ಅಂದರೂ ಉಳಿದವರು ಬರುವವರೆಗೆ ಅದು ಅಲ್ಲೇ ನಿಂತಿರುತ್ತದೆ. ದುಡ್ಡು ಜಾಸ್ತಿಯಾದರೂ ಇಡೀ ಗಾಡಿ ಮಾಡಿಕೊಳ್ಳಿ.

ಮಂಗಳೂರಿನಿಂದ: ನಾನು ನರ್ಸ್. ದಾರಿಯಲ್ಲಿ ಕರ್ಪೂರ ಮೂಸಿ, ಪಾಪ್‌ಕಾರ್ನ್ ತಿನ್ನಿ ಅನ್ನುವವರು ಸಿಗುತ್ತಾರೆ. ಕರ್ಪೂರದಿಂದ ಮೂಗು ಬಿಟ್ಟ ಹಾಗೆ ಅನ್ನಿಸುತ್ತದೆ, ಆದರೆ ರಕ್ತದಲ್ಲಿ ಆಮ್ಲಜನಕ ಹೆಚ್ಚುವುದಿಲ್ಲ. ಅದನ್ನು ನಂಬಿಕೊಂಡು ಮೇಲೆಯೇ ಕೂರಬೇಡಿ. ತಲೆನೋವು, ವಾಕರಿಕೆ ಶುರುವಾಗಿ ಕಡಿಮೆಯಾಗದಿದ್ದರೆ ತಕ್ಷಣ ಇಳಿಯಿರಿ. ಮಾತು ತೊದಲಿದರೆ, ನಡಿಗೆ ತಪ್ಪಿದರೆ, ಸುಮ್ನೆ ಕೂತಾಗಲೂ ಏದುಸಿರು ಬಂದರೆ ಒಂದು ನಿಮಿಷವೂ ಕಾಯಬೇಡಿ. ಅಪ್ಪ ಅಮ್ಮನಿಗೆ ಬಿಪಿ, ಹೃದಯದ ತೊಂದರೆ ಇದ್ದರೆ ಊರು ಬಿಡುವ ಮೊದಲೇ ಡಾಕ್ಟರ್‌ಗೆ ತೋರಿಸಿ. ಎತ್ತರದ ತೊಂದರೆ ತಡೆಯಲು ಕೊಡುವ ಡೈಮಾಕ್ಸ್ ಮಾತ್ರೆಯನ್ನೂ ಅವರನ್ನು ಕೇಳಿಯೇ ತೆಗೆದುಕೊಳ್ಳಿ. ಸಲ್ಫಾ ಔಷಧಿಗಳ ಅಲರ್ಜಿ ಇದ್ದರೆ ಮೊದಲೇ ಹೇಳಬೇಕು.

ಶಿರಸಿಯಿಂದ: ಇಷ್ಟೆಲ್ಲ ಓದಿ ಹೆದರಬೇಡಿ. ನಮ್ಮ ಮಾವ 70ನೇ ವಯಸ್ಸಿನಲ್ಲಿ ಬೇಲಿಯವರೆಗೆ ಹೋಗಿ ಬಂದರು. ಐದು ಮೆಟ್ಟಿಲು, ನಿಲ್ಲುವುದು. ಮತ್ತೆ ಐದು, ಮತ್ತೆ ನಿಲ್ಲುವುದು. ಮೇಲೆ ಫೋಟೋ ತೆಗೆಯುವ ಹಾಗಿಲ್ಲ, ಹಾಗಾಗಿ ಕಣ್ಣು ತುಂಬ ನೋಡಿದೆವು. ಆಚೆ ಕಡೆ ಚೀನಾದ ಕಟ್ಟಡ, ಈಚೆ ನಮ್ಮ ಸೈನಿಕರು. ಮಾವ ಒಬ್ಬ ಜವಾನನ ಕೈ ಹಿಡಿದುಕೊಂಡು ತುಂಬ ಹೊತ್ತು ಬಿಡಲೇ ಇಲ್ಲ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಅಪ್ಪನಿಗೆ ಎಲ್ಲವನ್ನೂ ಓದಿ ಹೇಳಿದೆ. ‘ಆಗದಿದ್ದರೆ ಗಾಡಿಯಲ್ಲೇ ಕೂತಿರುತ್ತೇನೆ’ ಅಂದರು. ಭಾನುವಾರ ತಲುಪಿ ಬುಧವಾರ ಮೇಲೆ ಹೋಗುವ ಹಾಗೆ ಬದಲಾಯಿಸಿದ್ದೇವೆ. ಮಗಳಿಗೆ ಬೂಟು ಬಾಡಿಗೆಗೆ ಸಿಗುತ್ತದಾ?

ದಾವಣಗೆರೆಯಿಂದ: ದಾರಿಯ ಅಂಗಡಿಗಳಲ್ಲಿ ಜಾಕೆಟ್, ಗಮ್‌ಬೂಟು ಎರಡೂ ಸಿಗುತ್ತವೆ. ನಮಗೆ ಕೊಟ್ಟ ಬೂಟು ಒಳಗೆ ಒದ್ದೆಯಾಗಿತ್ತು. ಅವಳಿಗೆ ಉಣ್ಣೆಯ ಕಾಲುಚೀಲ ಎರಡು ಜೊತೆ ಇಟ್ಟುಕೊಳ್ಳಿ.