ಬೋರ್‌ವೆಲ್ ನೀರು, ಬೋಳು ತಲೆ, ನಮ್ಮನೆ ಗ್ರೂಪು

ನಮ್ಮನೆ ಗ್ರೂಪಲ್ಲಿ ಮೂವತ್ನಾಕು ಜನ ಇದೀವಿ, ಕೋಲಾರ, ಮಾಲೂರು, ಬಂಗಾರಪೇಟೆ, ಮುಳಬಾಗಿಲು, ಬೆಂಗಳೂರು ಎಲ್ಲಾ ಸೇರಿ. ಅದ್ರಲ್ಲಿ ಓದೋರು ಎಷ್ಟು ಜನ ಅಂತ ಕೇಳ್ಬೇಡಿ. ಹೋದ ಭಾನುವಾರ ಬೆಳಗ್ಗೆ ಆರೂ ಮುಕ್ಕಾಲಿಗೆ ಶುರುವಾಗಿದ್ದು ಮಧ್ಯಾಹ್ನ ಮುದ್ದೆ ಹೊತ್ತಿಗೆ ಇನ್ನೂರ ಹದಿನೈದು ಮೆಸೇಜು ಆಗಿತ್ತು. ನಾನು ಕೋಲಾರದಲ್ಲಿ ಒಂದು ಮೆಡಿಕಲ್ ಶಾಪಲ್ಲಿ ಹದ್ನಾಲ್ಕು ವರ್ಷದಿಂದ ಕೆಲ್ಸ ಮಾಡ್ತಾ ಇದೀನಿ, ಕೂದ್ಲಿನ ವಿಷ್ಯ ದಿನಾ ಕೇಳಿ ಕೇಳಿ ಸಾಕಾಗೈತೆ, ಅದಕ್ಕೇ ಮೊದ್ಲು ಸುಮ್ನೆ ನೋಡ್ತಾ ಕೂತೆ. ತಪ್ಪು ಮಾಡಿದೆ ಅಂತ ಆಮೇಲೆ ಗೊತ್ತಾಯ್ತು.

ಮಾಲೂರು ಚಿಕ್ಕಪ್ಪ: (ಹಲವು ಬಾರಿ ಫಾರ್ವರ್ಡ್ ಆಗಿದ್ದು) ಎಚ್ಚರಿಕೆ!! ಮೂರೇ ದಿನದಲ್ಲಿ ಬೋಳು!! ಮಹಾರಾಷ್ಟ್ರದ ಬೋಳು ವೈರಸ್ ಈಗ ನಮ್ಮ ಜಿಲ್ಲೆಗೂ ಬಂದಿದೆ. ಬೋರ್‌ವೆಲ್ ನೀರಲ್ಲಿ ಮಕ್ಕಳಿಗೆ ತಲೆಸ್ನಾನ ಮಾಡಿಸಬೇಡಿ. ಹತ್ತು ಜನಕ್ಕೆ ಕಳಿಸಿ

ಮಾಲೂರು ಚಿಕ್ಕಪ್ಪ: ನಾನು ಅವತ್ತೇ ಹೇಳಿದ್ದೆ. ಬೆಂಗಳೂರಿನ ಕೊಳಚೆ, ಆ ಕೆ.ಸಿ. ವ್ಯಾಲಿ ನೀರು, ಕೆರೆಗೆ ಬಿಟ್ಟಾಗ್ಲೇ ಹೇಳಿದ್ದೆ ಯಾರೂ ಕೇಳ್ಲಿಲ್ಲ

ಗೀತಾ: ಚಿಕ್ಕಪ್ಪ ಇದು ನಿಜಾನಾ, ನಮ್ ಪುಟ್ಟಂಗೂ ಹಿಂದ್ಗಡೆ ಐದ್ರುಪಾಯಿ ಬಿಲ್ಲೆ ಅಗಲ ಕೂದ್ಲು ಹೋಗೈತೆ ಮೂರು ವಾರ ಆಯ್ತು, ಹೊಟ್ಟು ಹೊಟ್ಟು ಥರ ಐತೆ ಕೆರ್ಕೊತಾನೆ, ಫೋಟೋ ಹಾಕಿದೀನಿ ಯಾರಾದ್ರೂ ನೋಡಿ ಹೇಳ್ರಿ

ದೊಡ್ಡಪ್ಪ: ಶುಭೋದಯ. ಸೂರ್ಯೋದಯಕ್ಕೆ ಮುಂಚೆ ಏಳುವವರ ತಲೆ ಕೂದಲು ಉದುರುವುದಿಲ್ಲ. ರಾತ್ರಿ ಎರಡು ಗಂಟೆವರೆಗೆ ಮೊಬೈಲು ನೋಡಿದರೆ ನೀರು ಏನು ಮಾಡುತ್ತೆ?

ರಘು: ಸೋರ್ಸ್ ಏನು?

ಮಾಲೂರು ಚಿಕ್ಕಪ್ಪ: ಯಾವ ಸೋರ್ಸು

ರಘು: ವೈರಸ್ ಅಂತ ಯಾರು ಹೇಳಿದ್ದು, ಯಾವ ಪೇಪರು, ಯಾವ ತಾರೀಖು

ಮಾಲೂರು ಚಿಕ್ಕಪ್ಪ: ವಿಡಿಯೋದಲ್ಲಿ ತಲೆ ಕಾಣ್ತಾ ಐತಲ್ಲಪ್ಪ, ತಲೆಗಿಂತ ಸೋರ್ಸ್ ಬೇಕಾ

ರಘು ಬೆಂಗಳೂರಲ್ಲಿ ಸಾಫ್ಟ್‌ವೇರು. ಅವನು ಗ್ರೂಪಲ್ಲಿ ಬಾಯಿಬಿಟ್ರೆ ಮೊದಲನೇ ಮಾತು ಸೋರ್ಸು. ಅವನ ಮದ್ವೆ ಮಾತುಕತೇಲೂ ಹೆಣ್ಣಿನ ಕಡೆಯವರ ಹತ್ರ ಸೋರ್ಸ್ ಕೇಳಿದ್ದ ಅಂತ ಬಂಗಾರಪೇಟೆ ಅತ್ತೆ ಈಗ್ಲೂ ನಗ್ತಾರೆ. ಆದ್ರೂ ಅವತ್ತು ಅವನು ಉದ್ದಕ್ಕೆ ಬರೆದಿದ್ದು ಸರಿಯಾಗೇ ಇತ್ತು.

ರಘು: ಬುಲ್ಡಾಣಾ ಜಿಲ್ಲೆ ಶೇಗಾಂವ್ ತಾಲ್ಲೂಕು, 2024 ಡಿಸೆಂಬರ್ ಕೊನೆ, 2025 ಜನವರಿ. 18 ಹಳ್ಳೀಲಿ 279 ಜನಕ್ಕೆ ಮೂರ್ನಾಲ್ಕು ದಿನದಲ್ಲಿ ಕೂದ್ಲು ಹೋಗಿದ್ದು ನಿಜ, ಕಾಲೇಜು ಹುಡುಗೀರೂ ಇದ್ರು. ಆದ್ರೆ ವೈರಸ್ ಅಲ್ಲ. ಮೊದ್ಲು ನೀರು ಅಂದ್ರು, ಫಂಗಸ್ ಅಂದ್ರು, ಆಮೇಲೆ ರಕ್ತ ನೋಡಿದ್ರೆ ಸೆಲೆನಿಯಂ ಅನ್ನೋ ಅಂಶ ಜಾಸ್ತಿ. ಡಾಕ್ಟರ್ ಹಿಮ್ಮತ್‌ರಾವ್ ಬಾವಸ್ಕರ್ ಅಂತ, ಅವ್ರು ರೇಷನ್ ಗೋಧಿ ಪರೀಕ್ಷೆ ಮಾಡ್ಸಿ ಅದರಿಂದಲೇ ಅಂದ್ರು. ಚೇಳು ಕಡಿತಕ್ಕೆ ಔಷಧಿ ತೋರ್ಸಿಕೊಟ್ಟೋರು, 2022ರಲ್ಲಿ ಪದ್ಮಶ್ರೀ ಬಂದಿದ್ದೂ ಅವ್ರಿಗೇ. ಹಳೇ ಸುದ್ದಿ ಚಿಕ್ಕಪ್ಪ. ನಾವು ತಿನ್ನೋದು ರಾಗಿ.

ಇಷ್ಟುದ್ದ ಬರೆದ್ರಲ್ಲಿ ಎಲ್ಲರ ಕಣ್ಣಿಗೆ ಬಿದ್ದಿದ್ದು ಒಂದೇ ಪದ, ಚೇಳು.

ಬಂಗಾರಪೇಟೆ ಅತ್ತೆ: ಚೇಳು ಅಂದ್ರಲ್ಲ, ಕೋಲಾರಮ್ಮನ ಗುಡೀಲಿ ಚೇಳಮ್ಮಂಗೆ ಕಾಣಿಕೆ ಹಾಕಿ ಎಷ್ಟು ವರ್ಷ ಆಯ್ತೋ, ನೆಲದೊಳಗಿನ ಹುಂಡಿ, ಕಾಸು ಬಿದ್ದ ಸದ್ದು ಕೇಳ್ಬೇಕು ಅಂತ ಕಿವಿ ಇಟ್ಕೊಂಡು ಮಲಗ್ತಿದ್ವಿ

ಮುಳಬಾಗಿಲು ಪದ್ದಕ್ಕ: ಹೌದು ಹೌದು ಆಮೇಲೆ ಅಮ್ಮ ಶನಿವಾರ ಬಚ್ಲು ಒಲೆ ಹಚ್ಚಿ ಹಂಡೆ ನೀರು ಕಾಯ್ಸಿ ಹರಳೆಣ್ಣೆ ತಟ್ಟಿ ಸೀಗೆಪುಡಿ ಹಾಕಿ ತಿಕ್ತಿದ್ಳು ಕಣ್ಣಿಗೆ ಬಿದ್ರೆ ಊರೆಲ್ಲಾ ಕೇಳೋ ಥರ ಅಳ್ತಿದ್ವಿ, ನಮ್ಗೆಲ್ಲಾ ಮೊಣಕಾಲು ತನಕ ಜಡೆ

ದೊಡ್ಡಪ್ಪ: ನಮ್ಮ ಕಾಲದಲ್ಲಿ ಯಾರಿಗೂ ಕೂದಲು ಉದುರುತ್ತಿರಲಿಲ್ಲ.

ಕಿರಣ: (ಫೋಟೋ)

ಕಿರಣ ಹಾಕಿದ್ದು 1987ರ ದೊಡ್ಡಪ್ಪನ ಮದ್ವೆ ಫೋಟೋ. ಬಾಸಿಂಗದ ಮೇಲೆ ಹಣೆ ಎಲ್ಲಿ ಮುಗೀತು ತಲೆ ಎಲ್ಲಿ ಶುರುವಾಯ್ತು ಅಂತ ದೇವ್ರಿಗೇ ಗೊತ್ತು. ಹತ್ತು ನಿಮಿಷ ಬರೀ ನಗೋ ಗೊಂಬೆಗಳು.

ದೊಡ್ಡಪ್ಪ: ಅದು ಪಂಪ್‌ಸೆಟ್ ಕೆಲಸದ ಬಿಸಿಲು. ನಿನ್ನ ತರಹ ಗಾಡಿ ಹೆಲ್ಮೆಟ್ಟಿನಿಂದ ಹೋಗಿದ್ದಲ್ಲ.

ಕಿರಣ: ಹೆಲ್ಮೆಟ್‌ನಿಂದ ಅಲ್ಲ ದೊಡ್ಡಪ್ಪ ನಿಮ್ಮಿಂದ

ಮಾಲೂರು ಚಿಕ್ಕಮ್ಮ: ಬೋಳು ತಲೆ ಬರೋದು ತಾಯಿ ಕಡೆಯಿಂದ. ನಮ್ಮ ಕಡೆ ಯಾರಿಗೂ ಇಲ್ಲ

ಕಿರಣನ ಅಮ್ಮ: ಅಂದ್ರೆ ನನ್ನ ತವರಿಂದ ಬಂತು ಅಂತೀಯ. ನೇರವಾಗಿ ಹೇಳು

ಇಲ್ಲಿ ನಾನು ಬಾಯಿ ಹಾಕ್ಬೇಕಿತ್ತು. ಗಂಡಸರ ಬೋಳಿಗೆ ತಾಯಿ ಕಡೆಯಿಂದ ಬರೋ ಒಂದು ಜೀನಿನ ಕೈವಾಡ ದೊಡ್ಡದು ಅನ್ನೋದು ನಿಜ, ಆದ್ರೆ ಅದೊಂದೇ ಅಲ್ಲ, ಎರಡೂ ಕಡೇದು ಸೇರುತ್ತೆ. ಕಿರಣಂಗೆ ಇಪ್ಪತ್ತೈದು. ಎರಡು ಸಂಬಂಧ ಕೂದ್ಲು ಕಮ್ಮಿ ಅಂತ ತಪ್ಪಿತು, ಆ ನೋವು ಅವರಮ್ಮಂಗೆ ಐತೆ. ಅವನು ನಮ್ಮಂಗಡೀಲೇ ಮಿನಾಕ್ಸಿಡಿಲ್ ತಗೊಂಡ, ಅದು ಮೊದ್ಲು ಬಿಪಿ ಮಾತ್ರೆಯಾಗಿತ್ತು, ತಿಂದೋರಿಗೆ ಮೈಮೇಲೆ ಕೂದ್ಲು ಬಂದಿದ್ದು ನೋಡಿ 1988ರಲ್ಲಿ ಅಮೆರಿಕದಲ್ಲಿ ತಲೆಗೆ ಹಚ್ಚೋಕೆ ಒಪ್ಪಿಗೆ ಕೊಟ್ರು. ಹಚ್ಚಿದ ಮೊದಲ ವಾರಗಳಲ್ಲಿ ಇರೋದೂ ಉದುರುತ್ತೆ, ಹೆದರ್ಬೇಡ, ನಾಕಾರು ತಿಂಗಳು ಬೇಕು, ಬಿಟ್ರೆ ಬಂದಿದ್ದೂ ಹೋಗುತ್ತೆ ಅಂತ ಹೇಳಿ ಕಳ್ಸಿದ್ದೆ. ಆರನೇ ವಾರಕ್ಕೆ ಬಿಟ್ಟ. ಈಗ ಯಾರೋ ಇನ್‌ಸ್ಟಾಗ್ರಾಮಲ್ಲಿ ತೋರ್ಸಿದ ಬಯೋಟಿನ್ ಚಾಕ್ಲೇಟು ತಿಂತಾವ್ನೆ. ಬಯೋಟಿನ್ ಜಾಸ್ತಿ ತಿಂದ್ರೆ ಥೈರಾಯ್ಡ್ ರಿಪೋರ್ಟೇ ತಪ್ಪು ಬರಬಹುದು ಅಂತ ಲ್ಯಾಬಿನವರು ಹೇಳ್ತಾರೆ, ಅದನ್ನ ಆ ಇನ್‌ಸ್ಟಾಗ್ರಾಮ್ ಅಣ್ಣ ಹೇಳಲ್ಲ.

ಸ್ವಾತಿ: ನಂಗೂ ಕೈತುಂಬಾ ಬರ್ತೈತೆ ಬಾಚಿದ್ರೆ. ಹಾಸ್ಟೆಲ್ ನೀರೇ ಇರ್ಬೇಕು, ಚಿಕ್ಕಪ್ಪ ಹೇಳಿದ್ದು ಸರಿ

ಮಾಲೂರು ಚಿಕ್ಕಪ್ಪ: ನೋಡಿ ಸಾಕ್ಷಿ

ರಘು: ಒಬ್ಬಳು ಹೇಳಿದ್ರೆ ಸಾಕ್ಷಿ ಆಗಲ್ಲ

ಸ್ವಾತಿಗೆ ಮೂರು ತಿಂಗಳ ಹಿಂದೆ ಡೆಂಗ್ಯೂ ಬಂದಿದ್ದು ಇಡೀ ಗ್ರೂಪಿಗೆ ಗೊತ್ತು, ಪ್ಲೇಟ್ಲೆಟ್ ಸಂಖ್ಯೆ ದಿನಾ ಇಲ್ಲೇ ಹಾಕ್ತಿದ್ರು, ಪಪ್ಪಾಯಿ ಎಲೆ ರಸಕ್ಕೆ ಓಡಾಡಿದ್ರು. ದೊಡ್ಡ ಜ್ವರ, ಟೈಫಾಯ್ಡು, ಹೆರಿಗೆ, ಆಪರೇಷನ್ನು, ಇವೆಲ್ಲಾ ಆಗಿ ಎರಡು ಮೂರು ತಿಂಗಳಿಗೆ ಕೂದ್ಲು ಕಂತೆಕಂತೆ ಉದುರುತ್ತೆ, ಯಾಕಂದ್ರೆ ಜ್ವರ ಬಂದಾಗ ಒಂದಷ್ಟು ಬುಡ ಒಟ್ಟಿಗೇ ಕೆಲ್ಸ ನಿಲ್ಸಿ ಮಲಗಿಬಿಡುತ್ವೆ, ಎದ್ದಾಗ ಹೊಸದು ಹಳೇದನ್ನ ತಳ್ಳುತ್ತೆ. ಹೆಚ್ಚಿನವರಿಗೆ ಆರು ತಿಂಗಳಲ್ಲಿ ತಾನೇ ನಿಲ್ಲುತ್ತೆ. ಜ್ವರಕ್ಕೂ ಕೂದ್ಲಿಗೂ ನಡುವೆ ಮೂರು ತಿಂಗಳು ಇರೋದ್ರಿಂದ ಪಾಪ ಯಾರಿಗೂ ಜ್ವರ ನೆನಪಾಗಲ್ಲ, ಹೊಸ ಶಾಂಪೂನೋ ಹಾಸ್ಟೆಲ್ ನೀರೋ ಬೈಸ್ಕೊಳುತ್ತೆ. ಆರು ತಿಂಗಳಾದ್ಮೇಲೂ ನಿಲ್ದೇ ಇದ್ರೆ ಹಿಮೋಗ್ಲೋಬಿನ್, ಥೈರಾಯ್ಡ್ ನೋಡ್ಸು ಅಂತ ಅವಳಿಗೆ ಬೇರೆಯಾಗಿ ಬರೆದೆ.

ಅಷ್ಟೊತ್ತಿಗೆ ಗ್ರೂಪು ನೀರಿಗೆ ವಾಪಸ್ ಹೋಗಿತ್ತು. ನಮ್ ಕಡೆ ನೀರು ಅಂದ್ರೆ ಜಗಳ ಅಂತಲೇ ಅರ್ಥ.

ದೊಡ್ಡಪ್ಪ: ಬೋರ್‌ವೆಲ್ ನೀರು ವಿಷ ಅನ್ನುವವರು ತೋಟದ ಬೋರ್‌ವೆಲ್ ನೀರನ್ನೇ ಟೊಮೆಟೊಗೆ ಬಿಟ್ಟು ಮಾರ್ಕೆಟ್ಟಿಗೆ ಹಾಕುತ್ತಾರೆ.

ಮಾಲೂರು ಚಿಕ್ಕಪ್ಪ: ಯಾರ್ಗೆ ಹೇಳ್ತಾ ಇದೀರ

ದೊಡ್ಡಪ್ಪ: ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ.

ಮಾಲೂರು ಚಿಕ್ಕಪ್ಪ: 2016ರಲ್ಲಿ 1,200 ಅಡಿ ಕೊರ್ಸಿದ್ದು ನಾನು. ಮೊದಲನೇದು ಧೂಳು ಬಂತು ಎರಡನೇದಕ್ಕೆ ನೀರು ಬಂತು. ಪೈಪು ಮೋಟ್ರು ಕೇಬಲ್ಲು ನನ್ದು. ನಿಮ್ ಪಾಲು ಎಂಬತ್ತು ಸಾವಿರ ಇವತ್ತಿಗೂ ಬಂದಿಲ್ಲ. ಬಡ್ಡಿ ಕೇಳಿಲ್ಲ ಅದು ನನ್ನ ದೊಡ್ಡತನ

ಬಂಗಾರಪೇಟೆ ಅತ್ತೆ: ಬೆಳಬೆಳಗ್ಗೆ ಬೇಡ ಕಣ್ರೋ

ದೊಡ್ಡಪ್ಪ: ಅಪ್ಪ ಹೋದಾಗ ಆಸ್ಪತ್ರೆ ಖರ್ಚು ಯಾರು ಕೊಟ್ಟರು ಅಂತ ನಾನು ಇಲ್ಲಿ ಬರೆಯುವುದಿಲ್ಲ.

ಬರೆದಂಗೇ ಆಯ್ತಲ್ಲ. ಮಾಲೂರು ಚಿಕ್ಕಪ್ಪ ಗ್ರೂಪ್ ಬಿಟ್ರು. ಅತ್ತೆ ಎರಡು ನಿಮಿಷಕ್ಕೆ ವಾಪಸ್ ಸೇರ್ಸಿದ್ರು. ಇದು ವರ್ಷಕ್ಕೆ ಎರಡು ಸಲ ನಡೆಯೋ ಜಾತ್ರೆ.

ಕೆ.ಸಿ. ವ್ಯಾಲಿ ವಿಷ್ಯಕ್ಕೆ ಒಂದ್ಮಾತು ಹೇಳ್ಬಿಡ್ತೀನಿ. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನ ಎರಡು ಹಂತ ಶುದ್ಧ ಮಾಡಿ ಕೆರೆಗೆ ತರ್ತಾ ಇದಾರೆ, ಮೂರನೇ ಹಂತ ಬೇಕು ಅಂತ ನಮ್ಮೋರು ಕೇಳ್ತಾನೇ ಇದಾರೆ, ಮೊದಲ ವರ್ಷವೇ ಲಕ್ಷ್ಮೀಸಾಗರ ಕೆರೇಲಿ ನೊರೆ ಎದ್ದಿದ್ದು ಎಲ್ರೂ ನೋಡಿದೀವಿ. ಬೋರ್ ನೀರಿನ ಫ್ಲೋರೈಡ್‌ಗೆ ಹಲ್ಲು ಕಂದು ಆದೋರು ನಮ್ಮನೇಲೇ ಮೂರು ಜನ ಇದಾರೆ. ಗಡಸು ನೀರಲ್ಲಿ ಸೋಪು ನೊರೆ ಬರಲ್ಲ, ಕೂದ್ಲು ತೆಂಗಿನ ನಾರಿನಂಗೆ ಆಗುತ್ತೆ, ಒರಟಾಗಿ ತುಂಡಾಗಬಹುದು, ಅಷ್ಟು ಒಪ್ತೀನಿ. ಆ ನೀರಿನ ಮೇಲೆ ಜಗಳ ಆಡೋಕೆ ಬೇಕಾದಷ್ಟು ನಿಜವಾದ ಕಾರಣ ಐತೆ, ಮೂರು ದಿನಕ್ಕೆ ಬೋಳು ಅಂತ ಸುಳ್ಳು ಸೇರ್ಸಿದ್ರೆ ಆ ನಿಜಕ್ಕೇ ಬೆಲೆ ಹೋಗುತ್ತೆ. ಚಿಕ್ಕಪ್ಪಂಗೆ ಇದನ್ನ ಹೇಳೋ ಧೈರ್ಯ ನಂಗಿಲ್ಲ.

ಹತ್ತೂ ಕಾಲಿಗೆ:

ಗೀತಾ: ಯಾರೂ ಪುಟ್ಟನ ಫೋಟೋ ನೋಡ್ಲಿಲ್ವಾ

ಮೂರೂವರೆ ಗಂಟೆ ಆಗಿತ್ತು ಅವಳು ಹಾಕಿ. ನಾನೂ ನೋಡಿರ್ಲಿಲ್ಲ. ಮೇಲಕ್ಕೆ ತಳ್ಳಿ ತಳ್ಳಿ ಬೆರಳು ನೋವು ಬಂತು, ಅಷ್ಟು ಮೇಲಿತ್ತು.

ದೊಡ್ಡಮ್ಮ: ಹುಳ ತಿಂದೈತೆ ಅಷ್ಟೆ. ಬೆಳ್ಳುಳ್ಳಿ ಕುಯ್ದು ಕೆಂಪಾಗೋ ತನಕ ತಿಕ್ಕು ಆಮೇಲೆ ಹರಳೆಣ್ಣೆ

ಪದ್ದಕ್ಕ: ಬೆಳ್ಳುಳ್ಳಿ ಉರಿ, ಈರುಳ್ಳಿ ರಸ ಹಚ್ಚು

ದೊಡ್ಡಪ್ಪ: ತಲೆ ಬೋಳಿಸಿ ಚಿಕ್ಕತಿರುಪತಿಗೆ ಮುಡಿ ಕೊಡಿ. ಮತ್ತೆ ಬರುವುದು ದಟ್ಟವಾಗಿ ಬರುತ್ತೆ.

ರಘು: ಬೋಳಿಸಿದ್ರೆ ದಟ್ಟ ಆಗಲ್ಲ, ಬುಡ ಚರ್ಮದ ಒಳಗಿರುತ್ತೆ, ಕತ್ತಿ ಅಲ್ಲಿಗೆ ಹೋಗಲ್ಲ. ಈರುಳ್ಳಿಗೆ ಸೋರ್ಸ್ ಇದೆ, 2002ರಲ್ಲಿ ಇರಾಕ್‌ನವರು ಮಾಡಿದ್ದು, ನಲವತ್ತು ಜನಾನೂ ಇರ್ಲಿಲ್ಲ, ಅದೂ ಅಲೊಪೇಸಿಯಾ ಏರಿಯೇಟಾಗೆ ಮಾತ್ರ

ದೊಡ್ಡಪ್ಪ: ಮುಡಿಗೂ ಸೋರ್ಸ್ ಕೇಳುತ್ತೀಯಾ. ದೇವರಿಗೂ ಕೇಳು.

ಇಷ್ಟೆಲ್ಲಾ ಗೊತ್ತಿರೋ ರಘು ಫೋಟೋ ಒತ್ತಿ ದೊಡ್ಡದು ಮಾಡಿ ನೋಡಿರ್ಲಿಲ್ಲ. ನಾನು ದೊಡ್ಡದು ಮಾಡ್ದೆ. ಅಲೊಪೇಸಿಯಾ ಏರಿಯೇಟಾ ಅಂದ್ರೆ ನಮ್ಮ ಮೈಯ ಕಾವಲುಗಾರರೇ ಕೂದ್ಲಿನ ಬುಡದ ಮೇಲೆ ತಿರುಗಿಬೀಳೋದು, ಅಲ್ಲಿ ಚರ್ಮ ನುಣ್ಣಗೆ ಗೋಲಿ ಥರ ಇರುತ್ತೆ, ಹೊಟ್ಟು ಇರಲ್ಲ, ಎಷ್ಟೋ ಜನಕ್ಕೆ ವರ್ಷದೊಳಗೆ ತಾನೇ ಬರುತ್ತೆ. ಅದಕ್ಕೂ ನಮ್ ಕಡೆ ಹುಳ ತಿಂದಿದ್ದು ಅಂತಾರೆ, ಎಲ್ಲಾದಕ್ಕೂ ಒಂದೇ ಹುಳ. ಪುಟ್ಟಂದು ನುಣ್ಣಗಿರ್ಲಿಲ್ಲ. ಬೂದಿ ಬಣ್ಣದ ಹೊಟ್ಟು, ಮಧ್ಯೆ ಮಧ್ಯೆ ಮುರಿದ ಕೂದ್ಲಿನ ಕರಿ ಚುಕ್ಕಿ. ಗೀತಂಗೆ ಫೋನ್ ಮಾಡ್ದೆ. ಬೆಳ್ಳುಳ್ಳಿ ಸುಲೀತಾ ಕೂತಿದ್ಳು.

'ಮೊದ್ಲು ಅದನ್ನ ಸಾರಿಗೆ ಹಾಕು' ಅಂದೆ. ಇದು ಹುಳುಕಡ್ಡಿ ಥರ ಕಾಣ್ತೈತೆ, ನಾನು ಡಾಕ್ಟರಲ್ಲ, ನಾಳೆ ಚರ್ಮದ ಡಾಕ್ಟರ ಹತ್ರ ಹೋಗು, ಎಣ್ಣೆ ಮುಲಾಮು ಏನೂ ಹಚ್ಚದೆ ಹೋಗು, ಅವ್ರು ಒಂಚೂರು ಕೆರೆದು ನೋಡ್ತಾರೆ ಅಂದೆ. ಅವಳು ಸ್ವಲ್ಪ ಹೊತ್ತು ಸುಮ್ನಿದ್ದು, ಸ್ಕೂಲಲ್ಲಿ ಟೋಪಿ ತೆಗಿ ಅಂದಿದ್ದಕ್ಕೆ ಎರಡು ದಿನದಿಂದ ಹೋಗ್ತಿಲ್ಲ ಕಣೆ, ಗ್ರೂಪಲ್ಲಿ ಹೆಂಗೆ ಹೇಳೋದು ಅಂತ ಹೇಳ್ಲಿಲ್ಲ ಅಂದ್ಳು.

ಸೋಮವಾರ ರಾತ್ರಿ:

ಗೀತಾ: ಡಾಕ್ಟರು ನೋಡಿದ್ರು. ತಲೆ ಹುಳುಕಡ್ಡಿ ಅಂತೆ, ಫಂಗಸ್ಸು. ಮುಲಾಮು ಬುಡಕ್ಕೆ ಇಳಿಯಲ್ಲ ಅಂತ ಗ್ರಿಸಿಯೋಫಲ್ವಿನ್ ಮಾತ್ರೆ ಎಂಟು ವಾರ, ಊಟ ಆದ್ಮೇಲೆ ಹಾಲು ತುಪ್ಪದ ಜೊತೆ ಕೊಡ್ಬೇಕಂತೆ ಆಗ ಚೆನ್ನಾಗಿ ಹಿಡಿಯುತ್ತಂತೆ. ಮಧ್ಯೆ ನಿಲ್ಲಿಸ್ಬಾರ್ದಂತೆ. ಬೋಳಿಸೋದು ಬೇಡ, ಔಷಧಿ ಶುರು ಮಾಡಿದ್ರೆ ಸ್ಕೂಲಿಗೆ ಹೋಗ್ಬೋದು ಅಂದ್ರು. ಬಾಚಣಿಗೆ, ಟೋಪಿ, ಟವಲು, ದಿಂಬಿಂದ ಇನ್ನೊಬ್ರಿಗೆ ಅಂಟುತ್ತಂತೆ. ನಮ್ಮನೆ ನಾಮಕರಣದ ದಿನ ಮಕ್ಕಳೆಲ್ಲಾ ಒಂದೇ ಜಮಖಾನದ ಮೇಲೆ ಮಲಗಿದ್ವು, ಬೆಳಗ್ಗೆ ನಾನೇ ಒಂದೇ ಬಾಚಣಿಗೇಲಿ ಎಲ್ಲರಿಗೂ ತಲೆ ಬಾಚಿದೀನಿ. ಎಲ್ರೂ ಮಕ್ಕಳ ತಲೆ ನೋಡಿ

ನೀಲಿ ಟಿಕ್ಕು ಮೂವತ್ತೊಂದು. ಉತ್ತರ ಇಲ್ಲ. ಹತ್ತು ನಿಮಿಷ ಆದ್ಮೇಲೆ:

ಮಾಲೂರು ಚಿಕ್ಕಪ್ಪ: ಅಂದ್ರೆ ನೀರಲ್ಲ ಅಂತೀಯಾ

ದೊಡ್ಡಪ್ಪ: ಎಲ್ಲರೂ ಒಟ್ಟಿಗೆ ಮಲಗಿದ್ದು ಒಳ್ಳೆಯದೇ. ಒಗ್ಗಟ್ಟು.

ಮಾಲೂರು ಚಿಕ್ಕಪ್ಪ: ಒಗ್ಗಟ್ಟಿನ ಬಗ್ಗೆ ನೀವು ಮಾತಾಡ್ಬೇಡಿ

ಮತ್ತೆ ಎಂಬತ್ತು ಸಾವಿರ ಶುರುವಾಯ್ತು, ನಾನು ಫೋನ್ ಮಗುಚಿಟ್ಟು ಪಾತ್ರೆ ತೊಳ್ದೆ. ಹನ್ನೊಂದೂ ನಲವತ್ತಕ್ಕೆ ನೋಡಿದ್ರೆ ಗ್ರೂಪಲ್ಲಿ ರಘು ಹೆಸ್ರಲ್ಲಿ 'ಈ ಸಂದೇಶವನ್ನು ಅಳಿಸಲಾಗಿದೆ' ಅಂತಿತ್ತು, ಅದರ ಹಿಂದೇನೇ ನಂಗೆ ಬೇರೆಯಾಗಿ ಒಂದು ಫೋಟೋ. ಅವನ ಮಗ ನಿದ್ದೆ ಮಾಡ್ತಾ ಇದಾನೆ, ಕಿವಿ ಹಿಂದೆ ಕೂದ್ಲು ಸರಿಸಿ ತೆಗೆದಿದ್ದು, ಮಂಕಾಗಿ ಬಂದಿತ್ತು.

ರಘು: ಅಕ್ಕ ಇದು ಅದೇನಾ

ನಾಮಕರಣಕ್ಕೆ ಬಂದಾಗ ಆ ಮಗು ಪುಟ್ಟನ ಟೋಪಿ ಹಾಕ್ಕೊಂಡು ಓಡಾಡಿದ್ದು ನಂಗೆ ನೆನಪಿತ್ತು. ಅದನ್ನ ಬರೀಲಿಲ್ಲ. ಟಾರ್ಚ್ ಹಾಕಿ ಹತ್ರದಿಂದ ಇನ್ನೊಂದು ತೆಗಿ, ಅವನು ಎದ್ದೇಳದಂಗೆ ತೆಗಿ ಅಂತ ಕಳ್ಸಿದೆ.